ವಸಾಹತು ಸರ್ಕಾರವೂ ಬ್ರಿಟಿಷರದ್ದೇ, ನೌಕಾಪಡೆಯೂ ಬ್ರಿಟಿಷರದ್ದೇ. ಹಾಗಾದ್ರೆ ಜಾಗಕ್ಕೆ ಚೌಕಾಸಿ ಯಾಕೆ?

ಸೋಮವಾರಪೇಟೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಇತಿಹಾಸ ಓದುತ್ತಿದ್ದೇನೆ, ಊರು ಸೋಮವಾರಪೇಟೆ ಹತ್ತಿರ. ಸೆಮಿನಾರಿಗೆ ಹಾಂಗ್‌ಕಾಂಗ್ ತಗೊಂಡಿದ್ದೇನೆ. ಅಲ್ಲಿನ ವಸಾಹತು ಸರ್ಕಾರ ತನ್ನದೇ ಸೈನ್ಯ ಮತ್ತು ನೌಕಾಪಡೆಯ ಕೈಯಿಂದ ಜಾಗ ಬಿಡಿಸಿಕೊಳ್ಳಲು ನೂರು ವರ್ಷಕ್ಕೂ ಜಾಸ್ತಿ ಹೆಣಗಾಡಿದೆ. ನಗರದ ನಡುಮಧ್ಯೆ, ಸಮುದ್ರದ ದಡದಲ್ಲೇ ನೌಕಾಪಡೆಯ ಡಾಕ್‌ಯಾರ್ಡ್, ಅಂದರೆ ಹಡಗು ರಿಪೇರಿ ಮಾಡುವ ಕಟ್ಟೆ, ಕೂತಿತ್ತು. ಅದರ ಪಕ್ಕದಲ್ಲಿ, ಹಿಂದೆ, ಗುಡ್ಡದ ಮೇಲೆ ಎಲ್ಲ ಸೈನ್ಯದ ಬ್ಯಾರಕ್‌ಗಳು. ಒಂದು ಕಡೆ ಸೆಂಟ್ರಲ್ ಅನ್ನುವ ಬಡಾವಣೆ, ಇನ್ನೊಂದು ಕಡೆ ವಾನ್‌ಚಾಯ್ ಬಡಾವಣೆ, ಮಧ್ಯೆ ಈ ಗೋಡೆ.

ನನಗೆ ಗಂಟು ಬಿಡಿಸಲಾಗದ ವಿಷಯ ಒಂದೇ. ಗವರ್ನರನ್ನು ಕಳಿಸಿದ್ದು ಲಂಡನ್, ಅಡ್ಮಿರಲ್‌ನನ್ನು ಕಳಿಸಿದ್ದೂ ಲಂಡನ್. ಇಬ್ಬರೂ ಒಂದೇ ರಾಣಿಯ ನೌಕರರು. ಹಾಗಿದ್ದ ಮೇಲೆ "ಈ ಜಾಗ ಬಿಡಿ" ಅಂತ ಒಂದು ಆದೇಶ ಸಾಕಲ್ವಾ? ಬೆಲೆ ಯಾಕೆ, ಬದಲಿ ಜಾಗ ಯಾಕೆ, ವರ್ಷಗಟ್ಟಲೆ ಪತ್ರ ಯಾಕೆ? ಇಬ್ಬರೂ ಒಪ್ಪದಿದ್ದರೆ ಕೊನೆ ಮಾತು ಯಾರದ್ದು?

ಇನ್ನೊಂದು. ನಮ್ಮ ಕ್ಲಾಸಿನಲ್ಲಿ ಬಂದರು ಕಂಡವರೇ ಕಮ್ಮಿ, ಎಲ್ಲರೂ ಗುಡ್ಡ ತೋಟದವರು. ಕೊಡಗಿನಲ್ಲಿ ಕೂತವರಿಗೆ ತಟ್ಟುವ ಹಾಗೆ ಇದನ್ನು ಹೇಗೆ ಹೇಳೋದು? ಈ ಗುಂಪಿನಲ್ಲಿ ಸರ್ವೆ ಗೊತ್ತಿರುವವರೂ ನೇವಿಯಲ್ಲಿ ಇದ್ದವರೂ ಇದ್ದೀರಿ, ದಯವಿಟ್ಟು ಹೇಳಿ.

ವಿರಾಜಪೇಟೆ ಸರ್ವೇಯರ್, ನಿವೃತ್ತ

ತಂಗಿ, ಒಳ್ಳೆ ಪ್ರಶ್ನೆ ಕೇಳಿದ್ದೀಯ. "ಎಲ್ಲಾ ಸರ್ಕಾರದ್ದೇ ಅಲ್ವಾ" ಅನ್ನುವ ಮಾತನ್ನು ಸರ್ವಿಸಿನಲ್ಲಿ ಇದ್ದಷ್ಟೂ ದಿನ ಕೇಳಿದ್ದೇನೆ. ಸರ್ಕಾರ ಅಂತ ಒಂದು ಮನುಷ್ಯ ಇಲ್ಲ. ಇಲಾಖೆಗಳಿವೆ, ಒಂದೊಂದಕ್ಕೂ ಒಂದೊಂದು ರಿಜಿಸ್ಟರ್ ಇದೆ, ಆ ರಿಜಿಸ್ಟರ್‌ನಿಂದ ಒಂದು ಸೆಂಟ್ ಜಾಗ ಕಮ್ಮಿ ಆದರೂ ಸಹಿ ಹಾಕಿದವನು ಉತ್ತರ ಕೊಡಬೇಕು.

ನಿನ್ನ ಕ್ಲಾಸಿನವರಿಗೆ ಉದಾಹರಣೆ ಬೇಕು ಅಂದೆ. ಸಿ ಆಂಡ್ ಡಿ ಜಾಗದ ವಿಷಯ ತೆಗಿ, ಕಂದಾಯ ಅರಣ್ಯ ಎರಡೂ ಇಲಾಖೆ ತಮ್ಮದು ಅನ್ನುವ ಜಾಗ, ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಂದಾಯದವರೂ ಅದೇ ರಾಜ್ಯ ಸರ್ಕಾರ, ಅರಣ್ಯದವರೂ ಅದೇ ರಾಜ್ಯ ಸರ್ಕಾರ. ಆದರೂ ಜಂಟಿ ಸರ್ವೆ ಅಂದರೆ ಏನು ಗೊತ್ತಾ? ಹಳೆ ನಕ್ಷೆ ಹಿಡಿದು, ತೋಡು ದಾಟಿ, ಕಾಫಿ ಗಿಡದ ಬುಡದಲ್ಲಿ ಕಾಡು ಸವರಿ ಬಾಂದುಕಲ್ಲು ಹುಡುಕಬೇಕು. ಕಲ್ಲು ಸಿಕ್ಕಿತು ಅಂದುಕೊ. ಒಬ್ಬರು ಇದು ನಮ್ಮ ಗಡಿಕಲ್ಲು ಅಂತಾರೆ, ಇನ್ನೊಬ್ಬರು ಇದು ಬೇರೆ ಸರ್ವೆ ನಂಬರಿನ ಕಲ್ಲು, ನಮ್ಮ ಗೆರೆ ಇನ್ನೂ ಕೆಳಗೆ ಅಂತಾರೆ. ಮಹಜರು ಬರೆದರೆ ಒಬ್ಬರು ಸಹಿ ಹಾಕುತ್ತಾರೆ, ಇನ್ನೊಬ್ಬರು ಮೇಲಿನವರನ್ನು ಕೇಳಿ ಹಾಕುತ್ತೇನೆ ಅಂತ ಪೆನ್ನು ಜೇಬಿಗೆ ಇಡುತ್ತಾರೆ. ಅಲ್ಲಿ ಮನೆ ಕಟ್ಟಿಕೊಂಡು ಕೂತವರ ಗತಿ ಅತಂತ್ರ.

ಹಾಂಗ್‌ಕಾಂಗ್‌ನಲ್ಲಿ ಆದದ್ದೂ ಇದೇ ಜಾತಿಯದ್ದು. ಅಲ್ಲಿ ಜಾಗ ಪೂರ್ತಿ ಕ್ರೌನ್‌ದು, ಜನರಿಗೆ ಸಿಗುತ್ತಿದ್ದದ್ದು ಲೀಸ್ ಮಾತ್ರ. ಆ ಲೀಸ್ ಕೊಡುವ ಅಧಿಕಾರ ಗವರ್ನರಿಗೆ ಇತ್ತು, ಸರ್ಕಾರದ ಬೊಕ್ಕಸಕ್ಕೆ ಅದರಿಂದ ಒಳ್ಳೆ ಹಣ ಬರುತ್ತಿತ್ತು. ಆದರೆ ಸೈನ್ಯಕ್ಕೆ, ನೌಕಾಪಡೆಗೆ ಅಂತ ಒಮ್ಮೆ ಮೀಸಲಿಟ್ಟ ಜಾಗದ ಮೇಲೆ ಅವನ ಮಾತು ನಡೆಯುತ್ತಿರಲಿಲ್ಲ. ಸೈನ್ಯದ ಜಾಗ ಲಂಡನ್ನಿನ ವಾರ್ ಆಫೀಸಿನ ಲೆಕ್ಕಕ್ಕೆ, ನೌಕಾಪಡೆಯದ್ದು ಅಡ್ಮಿರಾಲ್ಟಿ ಲೆಕ್ಕಕ್ಕೆ. ಗವರ್ನರ್ ವರದಿ ಒಪ್ಪಿಸುತ್ತಿದ್ದದ್ದು ಮೂರನೆಯ ಕಡೆಗೆ, ಕಲೋನಿಯಲ್ ಆಫೀಸಿಗೆ. ಮೂರಕ್ಕೂ ದುಡ್ಡು ಬೇರೆ ಬೇರೆ ಚೀಲದಿಂದ. ಇದರ ಮೇಲೆ ಖಜಾನೆಯವರು. ಅವರು ಒಪ್ಪದೆ ಪೈಸೆ ಹೊರಡುವುದಿಲ್ಲ.

ಸೈನ್ಯದ ಜಾಗಕ್ಕೆ ಅವರೂ ಕಲ್ಲು ನೆಡುತ್ತಿದ್ದರು. ಡಬ್ಲ್ಯೂ ಮತ್ತು ಡಿ ಅಕ್ಷರ, ಮಧ್ಯೆ ಬಾಣದ ಗುರುತು, ಕೆಳಗೆ ನಂಬರು. ಹಾಂಗ್‌ಕಾಂಗ್‌ನ ಗುಡ್ಡದ ದಾರಿಗಳಲ್ಲಿ ಅಂಥ ಕಲ್ಲುಗಳು ಈಗಲೂ ಇವೆ, ಫೋಟೊ ನೋಡಿದ್ದೇನೆ. ಆ ಕಲ್ಲಿನ ಆಚೆ ಗವರ್ನರನ ಸರ್ವೇಯರ್ ಚೈನು ಎಳೆಯಬೇಕಾದರೆ ಅನುಮತಿ ಬೇಕು.

ಇನ್ನೊಂದು ಮಾತು, ಕೊಡಗಿನವರಿಗೆ ಇದು ಬೇಗ ಅರ್ಥವಾಗಬೇಕು. ಸೈನಿಕ ಸೇವೆಗೆ ಜಾಗ ಅನ್ನುವ ಲೆಕ್ಕ ನಮಗೆ ಹೊಸದಲ್ಲ. ಜಮ್ಮಾ ಅಂದರೆ ಅದೇ ಅಲ್ವಾ? ರಾಜರ ಕಾಲದಲ್ಲಿ ಕರೆದಾಗ ಕೋವಿ ಹಿಡಿದು ಬರಬೇಕು, ಅದಕ್ಕೆ ಕಂದಾಯದಲ್ಲಿ ರಿಯಾಯಿತಿ. ಸಾಗು ಅಂದರೆ ಪೂರ್ತಿ ಕಂದಾಯದ ಮಾಮೂಲಿ ಜಾಗ, ಭಟ್ಟಿ ಅಂದರೆ ಜಾಗದ ಅಳತೆ; ಸಾಗುವಿಗೆ 100 ಭಟ್ಟಿಗೆ 10 ರೂಪಾಯಿ ಇದ್ದರೆ ಜಮ್ಮಾಕ್ಕೆ 5 ರೂಪಾಯಿ. 1834ರಲ್ಲಿ ಬ್ರಿಟಿಷರು ಬಂದ ಮೇಲೂ ಅದನ್ನು ತೆಗೆಯಲಿಲ್ಲ. ಜಾಗ ಒಂದು, ಅದರ ಮೇಲೆ ಇರುವ ಕರ್ತವ್ಯ ಇನ್ನೊಂದು, ಎರಡಕ್ಕೂ ಬೆಲೆ ಕಟ್ಟಬೇಕು. ಚೌಕಾಸಿ ಶುರುವಾಗೋದೇ ಇಲ್ಲಿ.

ಪೊನ್ನಂಪೇಟೆ, ನೇವಿ

ಸರ್ವೇಯರ್ ಅಣ್ಣ ಹೇಳಿದ್ದು ಕಚೇರಿ ಕಡೆಯ ಮಾತು. ನಾನು ಹಡಗಿನ ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ಇಂಥ ಚರ್ಚೆಯಲ್ಲಿ ನೌಕಾಪಡೆಯನ್ನು ಜಾಗ ಹಿಡಿದು ಕೂತ ಹಠಮಾರಿ ಅಂತಷ್ಟೇ ನೋಡುತ್ತಾರೆ.

ಪರೇಡ್ ಮೈದಾನ ಎಲ್ಲಿ ಬೇಕಾದರೂ ಆಗುತ್ತೆ. ಬ್ಯಾರಕ್ಕೂ ಹಾಗೇ, ನಾಲ್ಕು ಮೈಲಿ ಆಚೆ ಕಟ್ಟಿದರೆ ಸಿಪಾಯಿ ನಡೆದು ಬರುತ್ತಾನೆ. ಡಾಕ್‌ಯಾರ್ಡ್ ಹಾಗಲ್ಲ. ದಡದ ಹತ್ತಿರವೇ ಆಳ ನೀರು ಬೇಕು, ಗಾಳಿಗೆ ಮರೆ ಬೇಕು, ಹಡಗು ತಿರುಗಲು ಜಾಗ ಬೇಕು. ಡ್ರೈ ಡಾಕ್ ಅಂದರೆ ಕಲ್ಲಲ್ಲಿ ಕಟ್ಟಿದ ದೊಡ್ಡ ತೊಟ್ಟಿ. ಹಡಗು ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ಪಂಪು ಹಾಕಿ ನೀರು ಖಾಲಿ ಮಾಡುತ್ತಾರೆ, ಹಡಗು ಕಟ್ಟೆಗಳ ಮೇಲೆ ನಿಧಾನವಾಗಿ ಕೂರುತ್ತದೆ, ಆಮೇಲೆ ಜನ ಇಳಿದು ತಳ ಕೆರೆಯುತ್ತಾರೆ. ಅದನ್ನು ಕಿತ್ತು ಇನ್ನೊಂದು ಕಡೆ ಇಡಲಾಗುವುದಿಲ್ಲ. ಹೊಸದು ಕಟ್ಟಿ, ಅದು ಕೆಲಸ ಶುರು ಮಾಡಿದ ಮೇಲೆಯೇ ಹಳೆಯದು ಬಿಡಬೇಕು. ಅಲ್ಲಿಯವರೆಗೆ ಎರಡೂ ಕಡೆ ಖರ್ಚು.

ಹಾಂಗ್‌ಕಾಂಗ್‌ನಲ್ಲಿ 1841ರ ಜನವರಿ 26ಕ್ಕೆ ಬಾವುಟ ಹಾರಿಸಿದ್ದೇ ನೌಕಾಪಡೆಯವರು. ಅದೇ ವರ್ಷ ಜೂನ್‌ನಲ್ಲಿ ಮೊದಲ ಜಾಗದ ಹರಾಜು ಆಯಿತು. ಆ ಶುರುವಿನ ದಿನಗಳಲ್ಲಿ ದಡದ ಒಳ್ಳೆ ಜಾಗ ಸೈನ್ಯ, ನೌಕಾಪಡೆ ಇಟ್ಟುಕೊಂಡಾಗ ಯಾರಿಗೂ ತೊಂದರೆ ಅನ್ನಿಸಲಿಲ್ಲ, ಯಾಕೆಂದರೆ ಊರೇ ಇರಲಿಲ್ಲ. ಊರು ಬೆಳೆದದ್ದು ಆಮೇಲೆ, ಅವರ ಎರಡೂ ಬದಿಗೆ.

ತಂಗಿ, ನಿನ್ನ ಸೆಮಿನಾರಿಗೆ ನಿಜವಾಗಿ ಒಳ್ಳೆ ಪ್ರಕರಣ ಡಾಕ್‌ಯಾರ್ಡ್‌ಗಿಂತ ಮೊದಲಿನದು, ಹಾಂಗ್‌ಕಾಂಗ್ ದ್ವೀಪದ ಎದುರಿನ ಕೌಲೂನ್. 1860ರ ಮಾರ್ಚ್‌ನಲ್ಲಿ ಬ್ರಿಟಿಷ್ ಅಧಿಕಾರಿ ಹ್ಯಾರಿ ಪಾರ್ಕ್ಸ್ ಆ ತುದಿಯನ್ನು ಚೀನಾದವರಿಂದ ವರ್ಷಕ್ಕೆ 500 ಟೇಲ್ (ಚೀನಾದ ತೂಕ) ಬೆಳ್ಳಿಗೆ ಲೀಸ್ ಮಾಡಿಸಿದ. ಅಕ್ಟೋಬರ್‌ನಲ್ಲಿ ಪೀಕಿಂಗ್ ಒಪ್ಪಂದದಲ್ಲಿ ಅದು ಪೂರ್ತಿ ಬ್ರಿಟಿಷರ ಕೈಗೆ ಬಂತು. ಬಂದ ತಕ್ಷಣ ಒಳಜಗಳ. ಗವರ್ನರ್ ಹರ್ಕ್ಯುಲಿಸ್ ರಾಬಿನ್ಸನ್‌ಗೆ ಅಲ್ಲಿ ವ್ಯಾಪಾರ, ಮನೆಗಳು ಬೇಕಿತ್ತು, ಎದುರಿನ ದ್ವೀಪದಲ್ಲಿ ಜಾಗ ಸಾಲುತ್ತಿರಲಿಲ್ಲ. ಸೈನ್ಯದವರು ಆಗಲೇ ಅಲ್ಲಿ ಡೇರೆ ಹಾಕಿದ್ದರು, ದಂಡು ಇಲ್ಲೇ ಇರಬೇಕು ಅಂದರು. ನೌಕಾಪಡೆಗೆ ದಡ ಬೇಕಿತ್ತು. ಕೂತು ಮಾತಾಡಿದರೂ ಹೊಂದಲಿಲ್ಲ, ವಿಷಯ ಲಂಡನ್‌ಗೆ ಹೋಯಿತು, ವರ್ಷಗಳು ಎಳೆಯಿತು, ಕೊನೆಗೆ ಸೈನ್ಯ ನೌಕಾಪಡೆ ಎರಡಕ್ಕೂ ದೊಡ್ಡ ಪಾಲು ಸಿಕ್ಕಿತು. ಸೈನ್ಯದ ಪಾಲಿನಲ್ಲಿ ಎದ್ದದ್ದು ವಿಟ್‌ಫೀಲ್ಡ್ ಬ್ಯಾರಕ್ಸ್. ಅದು ಜನರಿಗೆ ಕೌಲೂನ್ ಪಾರ್ಕ್ ಆಗಿ ಸಿಕ್ಕಿದ್ದು 1970ರಲ್ಲಿ. ಲೆಕ್ಕ ಹಾಕಿ ನೋಡು.

ಕೊನೆ ಮಾತು ಯಾರದ್ದು ಅಂತ ಕೇಳಿದ್ದೆ. ಲಂಡನ್‌ದು. ಅಲ್ಲಿ ಕೂಡ ಒಬ್ಬರದ್ದಲ್ಲ, ಸಾಮ್ರಾಜ್ಯದ ರಕ್ಷಣೆ ಅನ್ನುವ ವಾದ ಬಂದರೆ ಅಡ್ಮಿರಾಲ್ಟಿಯ ತೂಕ ಜಾಸ್ತಿ.

ಸೋಮವಾರಪೇಟೆ ಹುಡುಗಿ

ಇಬ್ಬರಿಗೂ ತುಂಬಾ ಧನ್ಯವಾದ. ಸಿ ಆಂಡ್ ಡಿ ಹೋಲಿಕೆ ಹೇಳಿದರೆ ಇಡೀ ಕ್ಲಾಸು ಎದ್ದು ಕೂರುತ್ತದೆ, ಅದನ್ನು ಖಂಡಿತ ಇಟ್ಟುಕೊಳ್ಳುತ್ತೇನೆ. ಒಂದು ಅನುಮಾನ ಉಳಿಯಿತು. ಆ ಖರ್ಚು ಕೊಟ್ಟದ್ದು ಯಾರು? ನೌಕಾಪಡೆ ಇದ್ದದ್ದು ಬ್ರಿಟನ್ನಿನ ವ್ಯಾಪಾರ ಕಾಯಲು. ಅದರ ಜಾಗಕ್ಕೆ ವಸಾಹತಿನ ಜನ ಯಾಕೆ ದುಡ್ಡು ತೆರಬೇಕು?

ಕುಶಾಲನಗರ ಮೇಷ್ಟ್ರು

ಇದೇ ಮುಖ್ಯ ಪ್ರಶ್ನೆ ಮಗಳೇ. ನೇವಿಯವರ ಮಾತಿಗೆ ನನಗೆ ಗೌರವ ಇದೆ, ಡ್ರೈ ಡಾಕ್ ಕಿತ್ತು ಒಯ್ಯಲಾಗದು ನಿಜ. ಆದರೆ ಖರ್ಚಿನ ಕಾಗದ ತೆಗೆದು ನೋಡಿದರೆ ಕಾಣುವ ಚಿತ್ರ ಬೇರೆ.

ಹಾಂಗ್‌ಕಾಂಗ್ ಸರ್ಕಾರ ತನ್ನಲ್ಲಿ ಇದ್ದ ಬ್ರಿಟಿಷ್ ಪಡೆಗೆ ಪ್ರತಿ ವರ್ಷ ಕಾಣಿಕೆ ಕಟ್ಟಬೇಕಿತ್ತು. ಅದು 20,000 ಪೌಂಡ್ ಇದ್ದದ್ದು 1890ರಲ್ಲಿ 40,000 ಆಯಿತು. ಆಮೇಲೆ ಅದನ್ನು ಆದಾಯದ ಪಾಲು ಮಾಡಿದರು, ಇಪ್ಪತ್ತನೇ ಶತಮಾನದ ಶುರುವಿಗೆ ಆದಾಯದ ಶೇ 20. ಅಂದರೆ ಐದರಲ್ಲಿ ಒಂದು. ಅದನ್ನು ಕೊಟ್ಟೂ, ಊರಿನ ಮಧ್ಯದ ಜಾಗ ಪುಕ್ಕಟೆ ಬಿಟ್ಟುಕೊಟ್ಟೂ, ಅದೇ ಜಾಗ ರಸ್ತೆಗೆ ಬೇಕಾದಾಗ "ಬದಲಿ ಕಟ್ಟಿಕೊಡಿ" ಅನ್ನಿಸಿಕೊಳ್ಳಬೇಕಿತ್ತು. ಅಲ್ಲಿನ ವ್ಯಾಪಾರಿ ಪಾಲ್ ಚೇಟರ್ ಮುಂದೆ ನಿಂತು 1890ರಲ್ಲಿ ಶುರು ಮಾಡಿಸಿದ, ಸಮುದ್ರಕ್ಕೆ ಮಣ್ಣು ತುಂಬಿಸಿ ಜಾಗ ಮಾಡುವ ಕೆಲಸ ನೋಡಿ. ದಡಕ್ಕೆ ಉದ್ದಕ್ಕೂ ಹೊಸ ರಸ್ತೆ ಬಂತು, ನೌಕಾಪಡೆಯ ಗೋಡೆ ಬಂದಲ್ಲಿ ನಿಂತಿತು. ಆಚೆ ವಾನ್‌ಚಾಯ್ ಕಡೆ ಬೇರೆಯೇ ಯೋಜನೆಯಲ್ಲಿ 1920ರ ದಶಕದಲ್ಲಿ ತುಂಬಿಸಿದರು. ಎರಡರ ಮಧ್ಯೆ ಹಳೆಯ ಕ್ವೀನ್ಸ್ ರೋಡ್ ಒಂದೇ ಮುಖ್ಯ ದಾರಿ. ಟ್ರಾಮು, ಗಾಡಿ, ಕೂಲಿ ಜನ ಎಲ್ಲ ಅದರಲ್ಲೇ ನುಗ್ಗಬೇಕು.

ಸಿಂಗಪುರವನ್ನೂ ಸೇರಿಸಿಕೊಳ್ಳಿ, ಹೋಲಿಸಲು ಚೆನ್ನಾಗಿರುತ್ತದೆ. ಅಲ್ಲಿ ಉಲ್ಟಾ ದಿಕ್ಕು. 1923ರಲ್ಲಿ ಸ್ಟ್ರೇಟ್ಸ್ ಸೆಟ್ಲ್‌ಮೆಂಟ್ಸ್, ಅಂದರೆ ಸಿಂಗಪುರ ಸೇರಿದ್ದ ಬ್ರಿಟಿಷ್ ವಸಾಹತಿನ ಸರ್ಕಾರ, ತಾನೇ ಸೆಂಬಾವಾಂಗ್‌ನಲ್ಲಿ ಜಾಗ ಕೊಂಡು ನೌಕಾನೆಲೆಗೆ ಉಡುಗೊರೆ ಕೊಟ್ಟಿತು. ಹಾಂಗ್‌ಕಾಂಗ್ ಎರಡೂವರೆ ಲಕ್ಷ ಪೌಂಡ್ ಕೊಟ್ಟಿತು, ಮಲಯದ ಸಂಯುಕ್ತ ಸಂಸ್ಥಾನಗಳು 20 ಲಕ್ಷ ಪೌಂಡ್. ನೆಲೆ ತೆರೆದದ್ದು 1938ರ ಫೆಬ್ರವರಿ 14ಕ್ಕೆ. ನಾಲ್ಕು ವರ್ಷ ಕಳೆದು ಮರುದಿನಕ್ಕೆ, 1942ರ ಫೆಬ್ರವರಿ 15ಕ್ಕೆ, ಸಿಂಗಪುರ ಜಪಾನಿಗೆ ಶರಣಾಯಿತು. ಜಾಗ, ದುಡ್ಡು ಎರಡೂ ಕೊಟ್ಟ ಜನರನ್ನು ಆ ನೆಲೆ ಕಾಯಲಿಲ್ಲ. ಇದನ್ನು ಓದುವಾಗೆಲ್ಲ ನನಗೆ ಸಂಕಟ ಆಗುತ್ತದೆ. ಯುದ್ಧ ಮುಗಿದು, ಸಿಂಗಪುರ ಸ್ವತಂತ್ರವಾಗಿ, ಬ್ರಿಟನ್ ಹೊರಡುತ್ತೇನೆ ಅಂತ 1968ರಲ್ಲಿ ಘೋಷಿಸಿದ ಮೇಲೆ ಡಾಕ್‌ಯಾರ್ಡನ್ನು ಹೆಸರಿಗೆ ಒಂದು ಡಾಲರಿಗೆ ಕೈಬದಲು ಮಾಡಿದರು. ಬಿಟ್ಟು ಹೋಗುವ ಅವಸರ ಇದ್ದಾಗ ಬೆಲೆ ಎಷ್ಟು ಬೇಗ ಇಳಿಯುತ್ತದೆ ನೋಡಿ.

ನಮ್ಮ ಹತ್ತಿರದ್ದು ಬೇಕೆಂದರೆ ಬೆಂಗಳೂರು ದಂಡು. 1809ರಲ್ಲಿ ಶ್ರೀರಂಗಪಟ್ಟಣದಿಂದ ಪಡೆ ಅಲ್ಲಿಗೆ ಬಂತು. 1881ರಲ್ಲಿ ಮೈಸೂರನ್ನು ಒಡೆಯರಿಗೆ ವಾಪಸ್ ಕೊಡುವಾಗ ಬರೆಸಿಕೊಂಡ ಪತ್ರದಲ್ಲೇ ದಂಡಿಗೆ ಬೇಕಾದ ಜಾಗ ಪುಕ್ಕಟೆ ಬಿಡಬೇಕು ಅಂತ ಶರತ್ತು ಇತ್ತು. ಆ ಸಿವಿಲ್ ಆಂಡ್ ಮಿಲಿಟರಿ ಸ್ಟೇಷನ್ ಮೈಸೂರಿನ ಆಡಳಿತಕ್ಕೆ ಮರಳಿದ್ದು 1947ರ ಜುಲೈನಲ್ಲಿ, ಬ್ರಿಟಿಷರು ಹೊರಡುವ ಮೂರು ವಾರ ಮೊದಲು. ಮೂರೂ ಊರಿನಲ್ಲಿ ಒಂದೇ ನಡೆ. ಪಡೆ ಬರುವಾಗ ಅದು ಜಾಗಕ್ಕೆ ಬೆಲೆ ಕೊಡುವುದಿಲ್ಲ. ಬಿಡುವಾಗ ಬೆಲೆ ಕೇಳಿದ್ದು ಹಾಂಗ್‌ಕಾಂಗ್‌ನಲ್ಲಿ.

ತೋಟದ ಮನೆ, ನಾಪೋಕ್ಲು

ಎಲ್ಲರೂ ಬಂದರಿನ ಜಾಗ ಅಂತಿದ್ದೀರಿ. ನೌಕಾಪಡೆ ಕಾಡನ್ನೂ ಕೇಳಿತ್ತು, ಅದನ್ನು ಬಿಡಬೇಡಿ. ಇಂಗ್ಲೆಂಡಿನಲ್ಲಿ ಓಕ್ ಮರ ಕಮ್ಮಿ ಆದಾಗ ಕಣ್ಣು ಬಿದ್ದದ್ದು ಮಲಬಾರಿನ ತೇಗದ ಮೇಲೆ. 1806ರಲ್ಲಿ ಕಂಪನಿ ಸರ್ಕಾರ ಕ್ಯಾಪ್ಟನ್ ವಾಟ್ಸನ್ ಅನ್ನುವವನನ್ನು ಅಲ್ಲಿ ಕಾಡಿನ ಕನ್ಸರ್ವೇಟರ್ ಮಾಡಿತು. ಕೆಲಸ ಒಂದೇ, ನೌಕಾಪಡೆಯ ಹಡಗಿಗೆ ತೇಗ ಒದಗಿಸುವುದು. ತಲೆತಲಾಂತರದಿಂದ ಮರ ಕಡಿದು ಮಾರುತ್ತಿದ್ದವರ ಹಕ್ಕು ಹೋಯಿತು, ಗಲಾಟೆ ಜೋರಾಯಿತು, ಕೊನೆಗೆ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಕಾಲದಲ್ಲಿ ಆ ಹುದ್ದೆಯನ್ನೇ ತೆಗೆದರು. ಇಲ್ಲಿಯೂ ಸರ್ಕಾರ ಒಂದು ಕಡೆ, ನೌಕಾಪಡೆಯ ಅಗತ್ಯ ಇನ್ನೊಂದು ಕಡೆ, ಅಲ್ವಾ?

ಆ ತೇಗದಲ್ಲಿ ಬಾಂಬೆ ಡಾಕ್‌ಯಾರ್ಡಿನಲ್ಲಿ ವಾಡಿಯಾ ಮನೆತನದವರು ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕಾಮಲಿ ಅನ್ನುವ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಪಟದ ಕಂಬಕ್ಕೆ ಪಶ್ಚಿಮಘಟ್ಟದ ಪೂನ್ ಮರವನ್ನೂ ಬಳಸುತ್ತಿದ್ದರು, ಗೆಣ್ಣಿಲ್ಲದೆ ನೆಟ್ಟಗೆ ಬೆಳೆಯುವ ಮರ. ಗುಡ್ಡದವರಿಗೂ ಕಡಲಿಗೂ ಸಂಬಂಧ ಇದೆ ಅಂತ ಕ್ಲಾಸಿನಲ್ಲಿ ಹೇಳು ತಂಗಿ.

ವಿರಾಜಪೇಟೆ ಸರ್ವೇಯರ್, ನಿವೃತ್ತ

ಮೇಷ್ಟ್ರೇ, ಬರುವಾಗ ಬೆಲೆ ಇಲ್ಲ ಅಂದಿರಲ್ಲ, ಅದಕ್ಕೆ ಒಂದು ಕಾರಣ ದಾಖಲೆಯಲ್ಲೇ ಇದೆ. ಬ್ರಿಟಿಷ್ ಇಂಡಿಯಾದ ದಂಡುಗಳಲ್ಲಿ 1836ರ ಗವರ್ನರ್ ಜನರಲ್ ಆದೇಶ ಅಂತ ಒಂದಿದೆ. ದಂಡಿನಲ್ಲಿ ಬಂಗಲೆ ಕಟ್ಟಲು ಜಾಗ ಕೊಡಬಹುದು, ಆದರೆ ನೆಲ ಸರ್ಕಾರದ್ದೇ. ಒಂದು ತಿಂಗಳ ನೋಟಿಸು ಕೊಟ್ಟು, ಕಟ್ಟಡದ ಬೆಲೆ ಕೊಟ್ಟು ವಾಪಸ್ ತಗೋಬಹುದು. ಸರ್ಕಾರ ಜನರ ಹತ್ತಿರ ವ್ಯವಹರಿಸುವಾಗ ನಿಯಮ ಎಷ್ಟು ಚೊಕ್ಕ ನೋಡಿ. ಅದೇ ಎರಡು ಇಲಾಖೆ ತಮ್ಮ ತಮ್ಮಲ್ಲಿ ವ್ಯವಹರಿಸುವಾಗ ಇಂಥ ನೋಟಿಸು ಇಲ್ಲ. ಒಬ್ಬರಿಗೊಬ್ಬರು ಬರೆಯಬಹುದು ಅಷ್ಟೇ, ಬಿಡಿಸಲಾಗದು.

ತಂಗಿ, ನೀನು ಬೆಲೆ ಅನ್ನುವ ಜಾಗದಲ್ಲಿ "ಮರುನಿರ್ಮಾಣದ ಖರ್ಚು" ಅಂತ ಬರೆ. ನೆಲದ ದರಕ್ಕೆ ಅಲ್ಲಿ ಜಗಳ ಕಮ್ಮಿ. ಗೋದಾಮು, ಆಸ್ಪತ್ರೆ, ಕ್ವಾರ್ಟರ್ಸ್, ಕಟ್ಟೆ ಇವನ್ನು ಬೇರೆ ಕಡೆ ಕಟ್ಟಿಕೊಡಲು ಎಷ್ಟು, ಯಾರು, ಯಾವ ವರ್ಷದೊಳಗೆ, ಇಷ್ಟಕ್ಕೇ ವರ್ಷಗಟ್ಟಲೆ ಕಾಗದ ಓಡಾಡಿದ್ದು.

ಸೋಮವಾರಪೇಟೆ ಹುಡುಗಿ

ಮರುನಿರ್ಮಾಣದ ಖರ್ಚು ಅಂದ ಮೇಲೆ ಎಲ್ಲ ಒಂದು ಸಾಲಿಗೆ ಬಂತು ಸರ್. ಕೌಲೂನ್‌ನಿಂದ ಶುರು ಮಾಡಿ, ಸಿಂಗಪುರ ಪಕ್ಕದಲ್ಲಿಟ್ಟು, ಡಾಕ್‌ಯಾರ್ಡಿಗೆ ಮುಗಿಸುತ್ತೇನೆ. ತೇಗದ ವಿಷಯಕ್ಕೆ ಒಂದು ಸ್ಲೈಡು. ಕೊನೆಯ ಭಾಗ ಮಾತ್ರ ಬಾಕಿ. ಡಾಕ್‌ಯಾರ್ಡ್ ಕೊನೆಗೆ ಹೇಗೆ ಬಿಟ್ಟರು?

ಪೊನ್ನಂಪೇಟೆ, ನೇವಿ

ಎರಡು ಕಂತಿನಲ್ಲಿ ಬಿಟ್ಟರು. ಮೊದಲನೆಯದು ಬ್ರಿಟನ್ನಿನ ಕೈ ಖಾಲಿ ಆದದ್ದರಿಂದ. ಡಾಕ್‌ಯಾರ್ಡ್ ಮುಚ್ಚುತ್ತೇವೆ ಅಂತ 1957ರಲ್ಲಿ ಹೇಳಿದರು, 1959ರಲ್ಲಿ ಮುಚ್ಚಿದರು. ಸಾವಿರಾರು ಕೆಲಸಗಾರರು ಬೀದಿಗೆ ಬಂದರು, ಮೇಷ್ಟ್ರು ಹೇಳುವ ಸಂಕಟ ನನಗೆ ಇಲ್ಲಿ ಕಾಣುತ್ತದೆ. ತಲೆಮಾರಿನಿಂದ ಅದೇ ಗೇಟಿನೊಳಗೆ ಫಿಟ್ಟರ್, ಬಡಗಿ, ಬಣ್ಣದವರಾಗಿ ದುಡಿದ ಮನೆಗಳು. ನೀರಿನ ಭಾಗ ತುಂಬಿಸಿ, ಸೆಂಟ್ರಲ್‌ನಿಂದ ವಾನ್‌ಚಾಯ್‌ಗೆ ದೊಡ್ಡ ರಸ್ತೆ ತೆಗೆದರು. ಅದೇ ಹಾರ್ಕೋರ್ಟ್ ರೋಡ್. 1945ರಲ್ಲಿ ಜಪಾನಿಯರಿಂದ ಶರಣಾಗತಿ ತಗೊಂಡ ಅಡ್ಮಿರಲ್ ಹೆಸರು. 1980ರಲ್ಲಿ ಅಲ್ಲಿ ಬಂದ ಮೆಟ್ರೊ ನಿಲ್ದಾಣಕ್ಕೆ ಅಡ್ಮಿರಾಲ್ಟಿ ಅಂತ ಇಟ್ಟರು. ಹಿಂದಿದ್ದ ವಿಕ್ಟೋರಿಯಾ ಬ್ಯಾರಕ್ಸ್ ಕೂಡ ಸರ್ಕಾರದ ಕೈಗೆ ಬಂದು ಒಂದು ಭಾಗ 1991ರಲ್ಲಿ ಹಾಂಗ್‌ಕಾಂಗ್ ಪಾರ್ಕ್ ಆಯಿತು.

ಆದರೆ ಪೂರ್ತಿ ಬಿಡಲಿಲ್ಲ. ಟಾಮರ್ ಅನ್ನುವ ಸಣ್ಣ ನೆಲೆ ದಡದಲ್ಲೇ ಉಳಿಯಿತು. ಅದು 1897ರಲ್ಲಿ ಬಂದು ನಿಂತ ಒಂದು ಹಳೆ ಹಡಗಿನ ಹೆಸರು. ಆ ಹಡಗನ್ನು 1941ರಲ್ಲಿ ಜಪಾನಿಯರ ಕೈಗೆ ಸಿಗಬಾರದು ಅಂತ ಬ್ರಿಟಿಷರೇ ಮುಳುಗಿಸಿದ್ದರು.

ಎರಡನೆಯ ಕಂತು 1990ರ ದಶಕದ್ದು, ನಿನ್ನ ಸೆಮಿನಾರಿಗೆ ಅದೇ ಸೊಗಸಾದ ಮುಕ್ತಾಯ. ಈಗ ಮೇಜಿನ ಮುಂದೆ ಚೀನಾ ಕೂಡ ಬಂತು, ಯಾಕೆಂದರೆ 1997ಕ್ಕೆ ಊರೇ ಕೈಬದಲು. ವರ್ಷಗಟ್ಟಲೆ ಮಾತಾಡಿ 1994ರ ಜೂನ್‌ನಲ್ಲಿ ಒಪ್ಪಂದ ಮಾಡಿಕೊಂಡರು. 14 ಜಾಗ ಚೀನಾದ ಸೈನ್ಯಕ್ಕೆ, 25 ಜಾಗ ಹಾಂಗ್‌ಕಾಂಗ್ ಸರ್ಕಾರಕ್ಕೆ. ಊರ ಮಧ್ಯದ ಟಾಮರ್ ಕಟ್ಟೆ ಬಿಡಿಸಿಕೊಳ್ಳಲು ಸ್ಟೋನ್‌ಕಟರ್ಸ್ ದ್ವೀಪದಲ್ಲಿ ಹೊಸ ನೌಕಾನೆಲೆ ಹಾಂಗ್‌ಕಾಂಗ್ ಸರ್ಕಾರವೇ ಕಟ್ಟಿಕೊಡಬೇಕು ಅಂತ ಬರೆದರು. ಸರ್ವೇಯರ್ ಅಣ್ಣ ಹೇಳಿದ ಮರುನಿರ್ಮಾಣದ ಖರ್ಚು ಅಂದರೆ ಇದೇ. ಟಾಮರ್ ಕಟ್ಟೆಯ ನೀರಿನ ಭಾಗಕ್ಕೆ ಮಣ್ಣು ತುಂಬಿಸಿದ ಜಾಗದಲ್ಲಿ 2011ರಲ್ಲಿ ಹಾಂಗ್‌ಕಾಂಗ್ ಸರ್ಕಾರದ ಮುಖ್ಯ ಕಚೇರಿ ತೆರೆಯಿತು.

ಇನ್ನೊಂದು ಶರತ್ತನ್ನು ಮರೆಯದೆ ಹಾಕು. ಮುಂದೆ ಅಲ್ಲಿ ಸಮುದ್ರ ತುಂಬಿಸಿ ಹೊಸ ದಡ ಮಾಡಿದರೂ ಮಿಲಿಟರಿ ಹಡಗು ನಿಲ್ಲಲು 150 ಮೀಟರ್ ದಡ ಬಿಡಬೇಕು ಅಂತ 1994ರಲ್ಲೇ ಬರೆದಿದ್ದಾರೆ. ಆ ದಡವನ್ನು ಮಿಲಿಟರಿ ಬಳಕೆಯ ಜಾಗ ಅಂತ ನಕ್ಷೆಯಲ್ಲಿ ಗುರುತಿಸಲು ಹೊರಟಾಗ 2013ರಲ್ಲಿ ಊರಿನ ಜನ ಜೋರಾಗಿ ವಿರೋಧಿಸಿದರು, ನಮ್ಮ ವಾಕಿಂಗ್ ದಾರಿ ಅಂತ. ಅದರ ನಕ್ಷೆ ನನ್ನ ಹತ್ತಿರ ಇದೆ, ಬೇಕಿದ್ದರೆ ಇಲ್ಲೇ ಹಾಕುತ್ತೇನೆ.